ಶಾಲೆ-ಕಾಲೇಜು ಲ್ಯಾಬ್‌ಗಳ ವಿಂಡೋಸ್, ಲಿನಕ್ಸ್ ಮತ್ತು ಲೈಸೆನ್ಸ್: ಉತ್ತರ ಕನ್ನಡದ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಮ್ಮದು ಒಂದು ಜಿಲ್ಲೆಯಲ್ಲ, ಎರಡು. ಕರಾವಳಿಗೆ ಕಾರವಾರ, ಘಟ್ಟದ ಮೇಲಕ್ಕೆ ಶಿರಸಿ. ಆದರೆ ಲ್ಯಾಬ್‌ಗಳ ಕಥೆ ಎರಡೂ ಕಡೆ ಒಂದೇ. ಕಂಪ್ಯೂಟರ್ ಇದೆ, ಅದರಲ್ಲಿ ವಿಂಡೋಸ್ ಇದೆ. ಆ ವಿಂಡೋಸ್‌ಗೆ ಲೈಸೆನ್ಸ್ ಇದೆಯೋ ಇಲ್ಲವೋ ಹೇಳುವವರಿಲ್ಲ. ಬಿಲ್ಲು ಹಿಂದಿನ ಮುಖ್ಯಶಿಕ್ಷಕರ ಕಾಲದ್ದು, ಹಾಕಿಕೊಟ್ಟವರು ಊರಿನಲ್ಲಿಲ್ಲ. ಮುಖ್ಯಶಿಕ್ಷಕರು, ಲ್ಯಾಬ್ ನೋಡಿಕೊಳ್ಳುವವರು, ಎಸ್‌ಡಿಎಂಸಿ ಸದಸ್ಯರು, ಕಾಲೇಜು ಆಡಳಿತ ಮಂಡಳಿಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನವು ವಿಂಡೋಸ್ ಬಗ್ಗೆಯೇ ಇವೆ, ಯಾಕೆಂದರೆ ಗೊಂದಲ ಇರುವುದೂ ಅಲ್ಲೇ.

ಕಂಪ್ಯೂಟರ್ ಕೊಂಡಾಗಲೇ ದುಡ್ಡು ಕೊಟ್ಟಿದ್ದೇವೆ. ಮತ್ತೆ ಲೈಸೆನ್ಸ್ ಎಂದರೆ ಏನು?

ಯಂತ್ರ ನಿಮ್ಮದು. ಅದರೊಳಗಿನ ಆಪರೇಟಿಂಗ್ ಸಿಸ್ಟಮ್, ಅಂದರೆ ಯಂತ್ರವನ್ನು ನಡೆಸುವ ವಿಂಡೋಸ್‌ನಂಥ ಮೂಲ ತಂತ್ರಾಂಶ, ನಿಮ್ಮದಲ್ಲ. ಅದನ್ನು ಬಳಸಲು ನಿಮಗೆ ಸಿಗುವುದು ಅನುಮತಿ ಮಾತ್ರ. ಆ ಅನುಮತಿ ಯಾವಾಗಲೂ ಯಾವುದಾದರೂ ಒಂದಕ್ಕೆ ಅಂಟಿಕೊಂಡಿರುತ್ತದೆ. ಒಂದು ಯಂತ್ರಕ್ಕೆ ಇರಬಹುದು, ಒಬ್ಬ ಬಳಕೆದಾರರಿಗೆ ಇರಬಹುದು, ಇಡೀ ಸಂಸ್ಥೆಗೆ ಇರಬಹುದು, ಇಂತಿಷ್ಟು ವರ್ಷಕ್ಕೆ ಎಂದೂ ಇರಬಹುದು. ಯಾವುದೇ ಕಂಪ್ಯೂಟರ್ ಮುಂದೆ ನಿಂತಾಗ ಮೊದಲು ಕೇಳಬೇಕಾದದ್ದು ಇದೇ: ಇದರ ಅನುಮತಿ ಯಾವುದಕ್ಕೆ ಅಂಟಿದೆ? ಮುಂದಿನ ಹೆಚ್ಚಿನ ಗೊಂದಲ ಈ ಒಂದು ಉತ್ತರದಲ್ಲೇ ಬಗೆಹರಿಯುತ್ತದೆ.

ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಹೆಸರಾಂತ ಕಂಪನಿಯ ಸಿದ್ಧ ಕಂಪ್ಯೂಟರ್ ಆಗಿದ್ದರೆ ವಿಂಡೋಸ್ 10 ಪ್ರೊ ಅಥವಾ ವಿಂಡೋಸ್ 11 ಹೋಮ್ ಎಂದು ಬರೆದಿರುತ್ತದೆ. ಡಾಸ್ (ಹಳೇ ಕಾಲದ ಆಪರೇಟಿಂಗ್ ಸಿಸ್ಟಮ್) ಅಥವಾ ಉಬುಂಟು (ಉಚಿತವಾಗಿ ಸಿಗುವ ಲಿನಕ್ಸ್‌ನ ಒಂದು ಆವೃತ್ತಿ) ಎಂದು ಬರೆದಿದ್ದರೆ ಆ ಯಂತ್ರದ ಜೊತೆ ವಿಂಡೋಸ್ ಬಂದಿಲ್ಲ ಎಂದೇ ಅರ್ಥ. ಪೇಟೆಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟ ಅಸೆಂಬಲ್ಡ್ ಯಂತ್ರವಾದರೆ ವಿಂಡೋಸ್‌ಗೆ ಬೇರೆಯೇ ಸಾಲು, ಬೇರೆಯೇ ಬೆಲೆ ಇರಬೇಕು. ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್, ಕೀಬೋರ್ಡ್ ಎಲ್ಲಕ್ಕೂ ಬೆಲೆ ಇದ್ದು ವಿಂಡೋಸ್‌ಗೆ ಮಾತ್ರ ಇಲ್ಲವೆಂದರೆ, ಅದನ್ನು ಸುಮ್ನೆ ಹಾಕಿಕೊಟ್ಟಿದ್ದಾರೆ.

ಓಇಎಂ, ರೀಟೇಲ್, ವಾಲ್ಯೂಮ್ ಎನ್ನುತ್ತಾರೆ. ಏನು ವ್ಯತ್ಯಾಸ?

ಓಇಎಂ ಎಂದರೆ ಕಂಪ್ಯೂಟರ್ ತಯಾರಿಸಿದವರು ಯಂತ್ರದ ಜೊತೆಗೇ ಮಾರಿದ ಲೈಸೆನ್ಸ್. ಅದು ಆ ಯಂತ್ರದ ಜೊತೆ ಹುಟ್ಟುತ್ತದೆ, ಆ ಯಂತ್ರದ ಜೊತೆಗೇ ಮುಗಿಯುತ್ತದೆ. ಯಂತ್ರ ಕೆಟ್ಟು ಗುಜರಿಗೆ ಹೋದ ಮೇಲೆ ಅದರ ವಿಂಡೋಸನ್ನು ಕಿತ್ತು ಹೊಸದಕ್ಕೆ ಹಾಕುವಂತಿಲ್ಲ. ಬೆಲೆ ಕಡಿಮೆ ಇರುವುದು ಇದೇ ಕಾರಣಕ್ಕೆ.

ರೀಟೇಲ್ ಎಂದರೆ ಬಿಡಿಯಾಗಿ ಕೊಂಡದ್ದು. ಬೆಲೆ ಜಾಸ್ತಿ. ಆದರೆ ಹಳೇ ಯಂತ್ರದಿಂದ ತೆಗೆದು ಹೊಸ ಯಂತ್ರಕ್ಕೆ ಹಾಕಿಕೊಳ್ಳಬಹುದು. ಒಂದು ಹೊತ್ತಿಗೆ ಒಂದೇ ಯಂತ್ರ, ಅಷ್ಟೇ.

ವಾಲ್ಯೂಮ್ ಎಂದರೆ ಸಂಸ್ಥೆಯ ಹೆಸರಿನಲ್ಲಿ ಮಾಡಿಕೊಂಡ ಒಪ್ಪಂದ. ಇದರಲ್ಲಿ ಬಹಳ ಜನ ಎಡವುವ ವಿಷಯವೊಂದಿದೆ. ಡೆಸ್ಕ್‌ಟಾಪ್ ವಿಂಡೋಸ್‌ಗೆ ಸಿಗುವ ವಾಲ್ಯೂಮ್ ಲೈಸೆನ್ಸ್ ಅಪ್‌ಗ್ರೇಡ್ ಮಾತ್ರ. ಖಾಲಿ ಯಂತ್ರಕ್ಕೆ ಅದು ನಡೆಯುವುದಿಲ್ಲ. ಕೆಳಗೆ ಅರ್ಹವಾದ ಒಂದು ಮೂಲ ಲೈಸೆನ್ಸ್ ಇರಲೇಬೇಕು, ಅದರ ಮೇಲೆ ಇದು ಕೂರುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಒಂದು ರಿಯಾಯಿತಿ ಇದೆ. ಬೇರೆ ಕಂಪನಿಗಳಿಗೆ ಮೂಲದಲ್ಲಿ ಪ್ರೊ ಇರಬೇಕು, ಶಾಲೆ-ಕಾಲೇಜುಗಳಿಗೆ ಹೋಮ್ ಇದ್ದರೂ ನಡೆಯುತ್ತದೆ. ಆದರೆ ಡಾಸ್ ಎಂದು ಬಿಲ್ಲಾದ 30 ಅಸೆಂಬಲ್ಡ್ ಯಂತ್ರಗಳ ಮೇಲೆ ವಾಲ್ಯೂಮ್ ಲೈಸೆನ್ಸ್ ಕೊಂಡರೆ ದುಡ್ಡೂ ಹೋಯಿತು, ಲೈಸೆನ್ಸೂ ಪೂರ್ತಿಯಾಗಲಿಲ್ಲ. ಕೊಟೇಶನ್ ಕೊಡುವವರು ಇದನ್ನು ತಾವಾಗಿ ಹೇಳುತ್ತಾರೆ ಎಂದು ಕಾಯಬೇಡಿ, ನೀವೇ ಕೇಳಿ.

ನಮ್ಮ ಲ್ಯಾಬಿನಲ್ಲಿ ಯಾವುದಿದೆ ಎಂದು ತಿಳಿಯುವುದು ಹೇಗೆ?

ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಒತ್ತಿಕೊಂಡು ಆರ್ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಎಸ್, ಎಲ್, ಎಂ, ಜಿ, ಆರ್ ಅಕ್ಷರಗಳನ್ನು ಕೂಡಿಸಿ ಬರೆಯಿರಿ. ಒಂದು ಜಾಗ ಬಿಟ್ಟು ಓರೆಗೆರೆ ಹಾಕಿ, ಅದಕ್ಕೆ ತಾಗಿಸಿ ಡಿ, ಎಲ್, ಐ ಬರೆದು ಎಂಟರ್ ಕೊಡಿ. ಸ್ವಲ್ಪ ಹೊತ್ತಿಗೆ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಯಾವ ಚಾನೆಲ್ ಎಂದು ಬರೆದಿರುತ್ತದೆ: ಓಇಎಂ, ರೀಟೇಲ್, ವಾಲ್ಯೂಮ್ ಎಂಎಕೆ, ಇಲ್ಲವೇ ವಾಲ್ಯೂಮ್ ಕೆಎಂಎಸ್ ಕ್ಲೈಂಟ್. ಕೊನೆಯ ಎರಡು ವಾಲ್ಯೂಮ್ ಲೈಸೆನ್ಸನ್ನು ಆಕ್ಟಿವೇಟ್ ಮಾಡುವ ಎರಡು ಬಗೆ, ಅವುಗಳ ವ್ಯತ್ಯಾಸ ಮುಂದೆ ಬರುತ್ತದೆ.

ನಿಮ್ಮ ಸಂಸ್ಥೆ ಯಾವತ್ತೂ ವಾಲ್ಯೂಮ್ ಒಪ್ಪಂದ ಮಾಡಿಕೊಂಡಿಲ್ಲ, ಆದರೂ ಅಲ್ಲಿ ಕೆಎಂಎಸ್ ಕ್ಲೈಂಟ್ ಎಂದು ತೋರಿಸುತ್ತಿದೆ. ಹಾಗಾದರೆ ಯಾರೋ ಕಳ್ಳದಾರಿಯಲ್ಲಿ ಆಕ್ಟಿವೇಟ್ ಮಾಡಿದ್ದಾರೆ. ಓಇಎಂ ಅಥವಾ ರೀಟೇಲ್ ಎಂದು ತೋರಿಸಿದ ಮಾತ್ರಕ್ಕೆ ನಿರಾಳವಾಗಬೇಡಿ, ಅದನ್ನೂ ಮೋಸದಿಂದ ತೋರಿಸುವ ಉಪಾಯಗಳಿವೆ. ಪರದೆಯ ಮೇಲಿನ ಮಾತು ಮತ್ತು ಕೈಯಲ್ಲಿರುವ ಬಿಲ್ಲು, ಎರಡೂ ಹೊಂದಬೇಕು.

ವಿಂಡೋಸ್ 7ರ ಕಾಲದ ಯಂತ್ರಗಳಲ್ಲಿ ಕ್ಯಾಬಿನೆಟ್ ಮೇಲೆ 25 ಅಕ್ಷರಗಳ ಕೀ ಇರುವ ಸ್ಟಿಕ್ಕರ್ ಇರುತ್ತಿತ್ತು. ವಿಂಡೋಸ್ 8ರಿಂದ ಈಚೆಗೆ ಬಂದ ಸಿದ್ಧ ಯಂತ್ರಗಳಲ್ಲಿ ಕೀ ಮದರ್‌ಬೋರ್ಡಿನೊಳಗೇ ಇರುತ್ತದೆ. ನಮ್ಮ ಕರಾವಳಿಯ ತೇವಕ್ಕೆ, ಉಪ್ಪುಗಾಳಿಗೆ ಆ ಹಳೇ ಸ್ಟಿಕ್ಕರ್‌ಗಳು ಬೇಗ ಅಳಿಸಿಹೋಗುತ್ತವೆ. ಇನ್ನೂ ಓದಲು ಬರುವಾಗಲೇ ಫೋಟೋ ತೆಗೆದಿಡಿ.

ಆಕ್ಟಿವೇಟ್ ಆಗಿದೆ ಎಂದು ತೋರಿಸುತ್ತದೆ. ಅಷ್ಟು ಸಾಕಲ್ವಾ?

ಸಾಕಾಗುವುದಿಲ್ಲ. ಆಕ್ಟಿವೇಶನ್ ಎಂದರೆ ತಾಂತ್ರಿಕ ಬೀಗ ತೆರೆದಿದೆ ಎಂದಷ್ಟೇ. ಬೀಗವನ್ನು ಕೀಲಿಯಿಂದ ತೆರೆದದ್ದೋ ಒಡೆದದ್ದೋ ಎನ್ನುವುದು ಬೇರೆಯೇ ಪ್ರಶ್ನೆ.

ಒಡೆಯುವ ಸಾಧನಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಶಾಲೆಗಳಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಕೆಎಂಎಸ್ ಆಕ್ಟಿವೇಟರ್ ಎಂಬ ಹೆಸರಿನಲ್ಲಿ ಓಡಾಡುವ ಫೈಲ್‌ಗಳನ್ನು ಹಾಕುವ ಮೊದಲು ಆಂಟಿವೈರಸ್ ಬಂದ್ ಮಾಡಿ ಎನ್ನುತ್ತಾರೆ. ಆಮೇಲೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡಿ ಎನ್ನುತ್ತಾರೆ. ಅಂದರೆ ಯಾರು ಬರೆದದ್ದೆಂದು ಗೊತ್ತಿಲ್ಲದ ಒಂದು ಪ್ರೋಗ್ರಾಂಗೆ ಇಡೀ ಯಂತ್ರವನ್ನು ಒಪ್ಪಿಸಿದಂತಾಯಿತು. ಅದೇ ಯಂತ್ರದಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಪೋಷಕರ ಬ್ಯಾಂಕ್ ವಿವರ, ವಿದ್ಯಾರ್ಥಿಗಳ ದಾಖಲೆ ಇಡುವ ಎಸ್‌ಎಟಿಎಸ್ ಪಾಸ್‌ವರ್ಡ್, ಪರೀಕ್ಷೆಗೆ ಮೊದಲು ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಎಲ್ಲ ಇರುತ್ತದೆ. ಕಾನೂನಿನ ಮಾತು ಪಕ್ಕಕ್ಕಿಟ್ಟರೂ ಇದೊಂದೇ ಕಾರಣ ಸಾಕು ಅದನ್ನು ಶಾಲೆಯ ಗೇಟಿನೊಳಗೆ ಬಿಡದಿರಲು. ಈಗಾಗಲೇ ಹಾಕಿರುವ ಯಂತ್ರವಿದ್ದರೆ ಆ ಫೈಲನ್ನು ಅಳಿಸಿ ಸುಮ್ಮನಾಗಬೇಡಿ. ಬೇಕಾದ ಕಡತಗಳನ್ನು ತೆಗೆದುಕೊಂಡು ಡಿಸ್ಕ್ ಪೂರ್ತಿ ಒರೆಸಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ. ಮುಖ್ಯ ಪಾಸ್‌ವರ್ಡ್‌ಗಳನ್ನೂ ಬೇರೆ ಯಂತ್ರದಿಂದ ಬದಲಿಸಿ.

ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಕೀ ಸಿಗುತ್ತದಲ್ಲ?

ಸಿಗುತ್ತದೆ. ಅದರಲ್ಲಿ ಹೆಚ್ಚಿನವು ಬೇರೆ ಯಾರದ್ದೋ ವಾಲ್ಯೂಮ್ ಒಪ್ಪಂದದಿಂದ ಸೋರಿದವು, ಇಲ್ಲವೇ ಗುಜರಿ ಯಂತ್ರಗಳಿಂದ ಎತ್ತಿದವು. ಕೀ ಎಂದರೆ ಲೈಸೆನ್ಸ್ ಅಲ್ಲ. ಅಂಥ ಕೀ ಇವತ್ತು ಕೆಲಸ ಮಾಡಬಹುದು, ಮುಂದೆ ಯಾವತ್ತೋ ತಡೆದುಬಿಡಬಹುದು. ಜಿಎಸ್‌ಟಿ ಬಿಲ್ಲೂ ಇರುವುದಿಲ್ಲ, ಆಡಿಟ್‌ಗೆ ತೋರಿಸಲು ಏನೂ ಉಳಿಯುವುದಿಲ್ಲ. ಬೇಡ.

ಶಿಕ್ಷಣ ಸಂಸ್ಥೆಗಳಿಗೆ ಅಗ್ಗ ಎನ್ನುತ್ತಾರೆ. ನಿಜವೇ?

ನಿಜ. ಮೈಕ್ರೋಸಾಫ್ಟ್‌ನ ಶೈಕ್ಷಣಿಕ ಬೆಲೆಗಳು ಮಾಮೂಲಿ ಬೆಲೆಗಿಂತ ಬಹಳ ಕಡಿಮೆ. ಅಧಿಕೃತ ಮರುಮಾರಾಟಗಾರರ ಮೂಲಕ ಕೊಳ್ಳಬೇಕು, ಸಂಸ್ಥೆ ನಿಜವಾಗಿಯೂ ಶಿಕ್ಷಣ ಸಂಸ್ಥೆ ಎಂದು ದಾಖಲೆ ಕೊಡಬೇಕು. ಈ ಯೋಜನೆಗಳಲ್ಲಿ ಸಿಗುವ ಆವೃತ್ತಿಗೆ ವಿಂಡೋಸ್ ಎಜುಕೇಶನ್ ಎಂದು ಹೆಸರು. ಗುಣದಲ್ಲಿ ಅದು ದೊಡ್ಡ ಕಂಪನಿಗಳು ಬಳಸುವ ಎಂಟರ್‌ಪ್ರೈಸ್ ಆವೃತ್ತಿಗೆ ಸಮ. ದೊಡ್ಡ ಕಾಲೇಜುಗಳ ಒಪ್ಪಂದಗಳಲ್ಲಿ ಎಣಿಕೆ ಯಂತ್ರಗಳ ಮೇಲಲ್ಲ, ಸಿಬ್ಬಂದಿಯ ಮೇಲೆ ನಡೆಯುತ್ತದೆ. ಯಂತ್ರ ಜಾಸ್ತಿ, ಸಿಬ್ಬಂದಿ ಕಡಿಮೆ ಇರುವ ಕಡೆ ಇದು ಲಾಭ. ಆದರೆ ಇದು ವರ್ಷವರ್ಷ ಕಟ್ಟುವ ಚಂದಾ. ಒಂದು ವರ್ಷ ಅನುದಾನ ಬಂದಿದೆ ಎಂದು ಸೇರಿಕೊಂಡು ಮುಂದಿನ ವರ್ಷ ಕಟ್ಟದಿದ್ದರೆ ಎಜುಕೇಶನ್ ಬಳಸುವ ಹಕ್ಕು ಮುಗಿಯುತ್ತದೆ, ಮೂಲ ಲೈಸೆನ್ಸ್‌ಗೆ ಮರಳಬೇಕು. ಅನುದಾನ ಯಾವಾಗ ಬರುತ್ತದೆಂದು ಗೊತ್ತಿಲ್ಲದ ಶಾಲೆಗಳು ಇದಕ್ಕೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಇನ್ನೊಂದು ತಪ್ಪು ತಿಳಿವಳಿಕೆ: ಮೈಕ್ರೋಸಾಫ್ಟ್‌ನ ಆಫೀಸ್ 365 ಎ1 ಅರ್ಹ ಶಾಲೆಗಳಿಗೆ ಉಚಿತ, ಹಾಗಾಗಿ ವಿಂಡೋಸೂ ಉಚಿತ ಎಂದು ಕೆಲವರು ನಂಬಿದ್ದಾರೆ. ಎ1ರಲ್ಲಿ ಬರುವುದು ಬ್ರೌಸರ್‌ನಲ್ಲಿ ತೆರೆಯುವ ವರ್ಡ್, ಎಕ್ಸೆಲ್, ಟೀಮ್ಸ್ ಮುಂತಾದವು. ವಿಂಡೋಸ್ ಹಕ್ಕು ಅದರಲ್ಲಿಲ್ಲ. ಅದು ದುಡ್ಡು ಕೊಡುವ ಮೈಕ್ರೋಸಾಫ್ಟ್ 365 ಎ3, ಎ5 ಯೋಜನೆಗಳಲ್ಲಿ ಬರುತ್ತದೆ, ಅದೂ ಅಪ್‌ಗ್ರೇಡ್ ಆಗಿ.

ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟಿತು. ಬದಲಾಯಿಸಿದ ಮೇಲೆ ವಿಂಡೋಸ್ ಆಕ್ಟಿವೇಟ್ ಆಗುತ್ತಿಲ್ಲ. ಏನು ಮಾಡುವುದು?

ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲು ಯಲ್ಲಾಪುರ, ಸಿದ್ದಾಪುರ, ಶಿರಸಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಹೆಚ್ಚಿನ ಪುಸ್ತಕಗಳಲ್ಲಿ ಚಿಕ್ಕದಾಗಿ ಬರುವ ಈ ಪ್ರಶ್ನೆ ನಮ್ಮಲ್ಲಿ ದೊಡ್ಡದು.

ಓಇಎಂ ಲೈಸೆನ್ಸ್ ಯಂತ್ರಕ್ಕೆ ಅಂಟಿದೆ ಎಂದೆನಲ್ಲ, ಅಲ್ಲಿ ಯಂತ್ರ ಎಂದರೆ ಮುಖ್ಯವಾಗಿ ಮದರ್‌ಬೋರ್ಡ್. ರ‍್ಯಾಮ್, ಹಾರ್ಡ್‌ಡಿಸ್ಕ್, ಪವರ್ ಸಪ್ಲೈ ಬದಲಾಯಿಸಿದರೆ ಏನೂ ತೊಂದರೆಯಿಲ್ಲ. ಮದರ್‌ಬೋರ್ಡ್ ಕೆಟ್ಟುಹೋಗಿ ಅದೇ ಬಗೆಯ ಅಥವಾ ಅದಕ್ಕೆ ಸಮನಾದ ಬೋರ್ಡ್ ಹಾಕಿದರೆ ಹಳೇ ಲೈಸೆನ್ಸ್ ಮುಂದುವರಿಯುತ್ತದೆ. ಕೆಟ್ಟಿಲ್ಲ, ಇನ್ನೂ ವೇಗದ್ದು ಬೇಕೆಂದು ಬೇರೆ ಬೋರ್ಡ್ ಹಾಕಿದರೆ ಅದು ಹೊಸ ಯಂತ್ರ, ಹೊಸ ಲೈಸೆನ್ಸ್ ಬೇಕು.

ಆದ್ದರಿಂದ ರಿಪೇರಿ ಬಿಲ್ಲು ಮುಖ್ಯ. ಬೋರ್ಡ್ ಸುಟ್ಟಿದ್ದರಿಂದ ಬದಲಾಯಿಸಲಾಗಿದೆ ಎಂದು, ಯಂತ್ರದ ಸೀರಿಯಲ್ ಸಂಖ್ಯೆ ಸಮೇತ ಬರೆಸಿಕೊಳ್ಳಿ. ವಾರಂಟಿ ಇದ್ದರೆ ತಯಾರಕರ ಸರ್ವಿಸ್ ಸೆಂಟರ್‌ನಿಂದಲೇ ಹಾಕಿಸಿ. ಕೀ ಮದರ್‌ಬೋರ್ಡಿನೊಳಗೇ ಇರುವ ಯಂತ್ರಗಳಲ್ಲಿ ಹೊಸ ಬೋರ್ಡಿಗೆ ಅದನ್ನು ತುಂಬಿಕೊಡುವುದು ಅವರ ಕೆಲಸ. ಪೇಟೆಯ ರಿಪೇರಿ ಅಂಗಡಿಯಲ್ಲಿ ಆ ವ್ಯವಸ್ಥೆ ಇರುವುದಿಲ್ಲ. ಬೇಸಿಗೆ ರಜೆಗೆ ಬೀಗ ಹಾಕುವ ಮೊದಲು ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲ್‌ಗಳನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಕರೆಂಟ್ ತಂತಿಯಿಂದಷ್ಟೇ ಬರುವುದಲ್ಲ.

ಹಳೇ ವಿದ್ಯಾರ್ಥಿಗಳು ಬೆಂಗಳೂರಿನ ಕಂಪನಿಯಿಂದ ಬಳಸಿದ ಕಂಪ್ಯೂಟರ್ ಕೊಡಿಸಿದ್ದಾರೆ. ಅದರ ವಿಂಡೋಸ್ ನಮ್ಮದಾಗುತ್ತದೆಯೇ?

ಸ್ವಲ್ಪ ಆಗುತ್ತದೆ, ಸ್ವಲ್ಪ ಆಗುವುದಿಲ್ಲ. ಯಂತ್ರದ ಜೊತೆ ಹುಟ್ಟಿದ ಓಇಎಂ ಲೈಸೆನ್ಸ್ ಯಂತ್ರದ ಜೊತೆ ನಿಮಗೆ ಬರುತ್ತದೆ. ಅದರ ಮೇಲೆ ಕಂಪನಿಯವರು ಹಾಕಿಕೊಂಡಿದ್ದ ಎಂಟರ್‌ಪ್ರೈಸ್ ಆವೃತ್ತಿ ಅವರ ಒಪ್ಪಂದದ್ದು, ಅದು ಅಲ್ಲೇ ಉಳಿಯುತ್ತದೆ. ಹಾಗಾಗಿ ಯಂತ್ರ ಬಂದ ಮೇಲೆ ಡಿಸ್ಕ್ ಒರೆಸಿ, ಮೂಲ ಆವೃತ್ತಿ ಹೋಮ್ ಆಗಿತ್ತೋ ಪ್ರೊ ಆಗಿತ್ತೋ ನೋಡಿ ಅದನ್ನೇ ಹಾಕಿ.

ವಿಂಡೋಸ್ 7 ಸ್ಟಿಕ್ಕರ್ ಇರುವ ಯಂತ್ರವಾದರೆ ನಿಮಗೆ ಬಂದದ್ದು ವಿಂಡೋಸ್ 7ರ ಹಕ್ಕು. ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ. ಆ ಕೀಯಿಂದ ವಿಂಡೋಸ್ 10 ಅಥವಾ 11 ಆಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಿ, ಬೇರೆ ಯೋಚನೆ ಬೇಡ.

ದಾನ ಕೊಡುವವರಿಂದ ಒಂದು ಪತ್ರ ತೆಗೆದುಕೊಳ್ಳಿ. ಯಂತ್ರಗಳ ಸೀರಿಯಲ್ ಸಂಖ್ಯೆ, ಮೂಲ ವಿಂಡೋಸ್ ಆವೃತ್ತಿ, ಹಸ್ತಾಂತರದ ದಿನಾಂಕ ಮೂರೂ ಅದರಲ್ಲಿರಲಿ. ಪ್ರೀತಿಯಿಂದ ಕೊಟ್ಟವರನ್ನು ಕಾಗದ ಕೇಳಲು ಸಂಕೋಚ ಪಡಬೇಕಿಲ್ಲ.

ವಿಂಡೋಸ್ 10 ಮುಗಿಯಿತು ಎನ್ನುತ್ತಾರೆ. ನಮ್ಮ ಲೈಸೆನ್ಸ್ ಕೂಡ ಮುಗಿಯಿತೇ?

ಲೈಸೆನ್ಸ್ ಮುಗಿದಿಲ್ಲ. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಉಚಿತ ಸೆಕ್ಯುರಿಟಿ ಅಪ್‌ಡೇಟ್. ಯಂತ್ರ ಮೊದಲಿನಂತೆಯೇ ಓಡುತ್ತದೆ, ಆದರೆ ಹೊಸದಾಗಿ ಸಿಕ್ಕ ದೋಷಗಳಿಗೆ ರಿಪೇರಿ ಬರುವುದಿಲ್ಲ.

ವಿಂಡೋಸ್ 11ಕ್ಕೆ ಹೋಗಲು ಅರ್ಹ ಯಂತ್ರಗಳಿಗೆ ದುಡ್ಡು ಬೇಡ. ತೊಡಕು ಇರುವುದು ಯಂತ್ರದಲ್ಲಿ. ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದಾಗಿರಬೇಕು. ನಮ್ಮ ಎಷ್ಟೋ ಲ್ಯಾಬ್‌ಗಳ ಯಂತ್ರಗಳು ಈ ಗೆರೆಯ ಆಚೆಗೇ ನಿಲ್ಲುತ್ತವೆ. ತಪಾಸಣೆಯನ್ನು ತಪ್ಪಿಸಿ ಹಾಕುವ ಉಪಾಯಗಳಿವೆ, ಆದರೆ ಮುಂದಿನ ಅಪ್‌ಡೇಟ್ ಬರುತ್ತದೆ ಎಂಬ ಭರವಸೆ ಇಲ್ಲ. ಒಂದು ಲ್ಯಾಬನ್ನು ಆ ನಂಬಿಕೆಯ ಮೇಲೆ ನಡೆಸಬಾರದು.

ವಿಂಡೋಸ್ 10ರಲ್ಲೇ ಇರಬೇಕಾದವರಿಗೆ ಇಎಸ್‌ಯು ಎಂಬ ವಿಸ್ತರಿತ ಅಪ್‌ಡೇಟ್ ಯೋಜನೆ ಇದೆ. ಶಿಕ್ಷಣ ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ವಾಲ್ಯೂಮ್ ಲೈಸೆನ್ಸಿಂಗ್ ಮೂಲಕ ಕೊಳ್ಳಬೇಕು. ತಡವಾಗಿ ಸೇರಿದರೆ ಹಿಂದಿನ ವರ್ಷದ್ದನ್ನೂ ಕಟ್ಟಬೇಕು. ಒಳ್ಳೆಯ ಸ್ಥಿತಿಯಲ್ಲಿರುವ, ಆದರೆ 11ಕ್ಕೆ ಅರ್ಹವಲ್ಲದ ಯಂತ್ರಗಳು ತುಂಬ ಇರುವ ಕಾಲೇಜುಗಳಿಗೆ ಇದು ಅಗ್ಗದ ದಾರಿ. ಇದು 2028ರ ಅಕ್ಟೋಬರ್‌ವರೆಗೆ ಮಾತ್ರ.

ಒಂದೇ ಸಿಪಿಯುಗೆ ನಾಲ್ಕೈದು ಮಾನಿಟರ್ ಜೋಡಿಸಿದ ಲ್ಯಾಬ್ ನಮ್ಮದು. ಒಂದು ಲೈಸೆನ್ಸ್ ಸಾಕೇ?

ಸಾಲದು. ಡೆಸ್ಕ್‌ಟಾಪ್ ವಿಂಡೋಸ್ ಲೈಸೆನ್ಸ್ ಒಂದು ಹೊತ್ತಿಗೆ ಒಬ್ಬ ಬಳಕೆದಾರರಿಗೆ ಮಾತ್ರ ಅನುಮತಿ ಕೊಡುತ್ತದೆ. ಹಲವರು ಒಂದೇ ಯಂತ್ರದ ವಿಂಡೋಸನ್ನು ಹಂಚಿಕೊಳ್ಳಬೇಕಾದರೆ ವಿಂಡೋಸ್ ಸರ್ವರ್ ಬೇಕು. ಅದರ ಮೇಲೆ ಬಳಸುವವರಿಗೆ ಅಥವಾ ಬಳಸುವ ಸಾಧನಗಳಿಗೆ ಸಿಎಎಲ್ (ಸರ್ವರ್ ಬಳಸುವ ಅನುಮತಿ) ಲೈಸೆನ್ಸ್, ಜೊತೆಗೆ ರಿಮೋಟ್ ಡೆಸ್ಕ್‌ಟಾಪ್ ಸಿಎಎಲ್ ಬೇಕು. ಇಂಥ ಶಾಲೆಗಳಿಗೆಂದೇ ಇದ್ದ ಮಲ್ಟಿಪಾಯಿಂಟ್ ಸರ್ವರ್ ಎಂಬ ಅಗ್ಗದ ದಾರಿಯನ್ನು ಮೈಕ್ರೋಸಾಫ್ಟ್ ನಿಲ್ಲಿಸಿದೆ. ಲಿನಕ್ಸ್‌ನಲ್ಲಿ ಈ ಲೆಕ್ಕವೇ ಇಲ್ಲ. ಎಷ್ಟು ಜನ ಕೂತರೂ ಲೈಸೆನ್ಸ್‌ನ ಅಡ್ಡಿ ಇಲ್ಲ.

ನಮ್ಮಲ್ಲಿ ನೆಟ್‌ವರ್ಕ್ ಸರಿಯಾಗಿ ಇರುವುದಿಲ್ಲ. ಲೈಸೆನ್ಸ್‌ಗೆ ತೊಂದರೆಯಾಗುತ್ತದೆಯೇ?

ಜೋಯಿಡಾ ಕಡೆಯ ಶಾಲೆಗಳು, ಮಳೆಗಾಲದಲ್ಲಿ ಘಟ್ಟದ ಹಳ್ಳಿಗಳು ಕೇಳಲೇಬೇಕಾದ ಪ್ರಶ್ನೆ ಇದು. ಓಇಎಂ ಮತ್ತು ರೀಟೇಲ್ ಒಮ್ಮೆ ಆಕ್ಟಿವೇಟ್ ಆದರೆ ಮುಗಿಯಿತು. ವಾಲ್ಯೂಮ್‌ನಲ್ಲಿ ಎರಡು ಬಗೆ. ಎಂಎಕೆ ಕೀ ಆದರೆ ಒಂದು ಸಲ ಸಂಪರ್ಕ ಸಾಕು. ಕೆಎಂಎಸ್ ಆದರೆ ಸಂಸ್ಥೆಯ ಒಳಗೇ ಒಂದು ಸರ್ವರ್ ಇರಬೇಕು, ಪ್ರತಿ ಯಂತ್ರವೂ 180 ದಿನಗಳೊಳಗೆ ಅದನ್ನು ಮುಟ್ಟಬೇಕು. ಕಡಿಮೆ ಎಂದರೆ 25 ಯಂತ್ರಗಳು ಕೇಳಿಕೊಳ್ಳುವವರೆಗೆ ಅದು ಆಕ್ಟಿವೇಟ್ ಮಾಡಲು ಶುರುವೇ ಮಾಡುವುದಿಲ್ಲ. ಹತ್ತು ಯಂತ್ರಗಳ ಪ್ರೌಢಶಾಲೆಗೆ ಕೆಎಂಎಸ್ ಸಲ್ಲದು, ಎಂಎಕೆ ಕೇಳಿ.

ಕ್ರೋಮ್‌ಬುಕ್ ಮತ್ತು ಕ್ರೋಮ್‌ಓಎಸ್ ಫ್ಲೆಕ್ಸ್ ಬಗ್ಗೆಯೂ ಇದೇ ಎಚ್ಚರಿಕೆ. ಫ್ಲೆಕ್ಸ್ ಉಚಿತ, ಹಳೇ ಯಂತ್ರಕ್ಕೂ ಕೂರುತ್ತದೆ. ಎಲ್ಲ ಯಂತ್ರಗಳನ್ನೂ ಒಂದೇ ಕಡೆಯಿಂದ ನಿಭಾಯಿಸಬೇಕೆಂದರೆ ಮಾತ್ರ ಯಂತ್ರವೊಂದಕ್ಕೆ ಇಷ್ಟೆಂದು ಎಜುಕೇಶನ್ ಅಪ್‌ಗ್ರೇಡ್ ಕೊಳ್ಳಬೇಕು. ಆದರೆ ಅದು ಇಂಟರ್ನೆಟ್ ನಂಬಿ ಬದುಕುವ ವ್ಯವಸ್ಥೆ.

ಶಾಲೆಗೆ ಯಾರು ಬಂದು ಕೇಳುತ್ತಾರೆ? ಕಾನೂನು ಏನು ಹೇಳುತ್ತದೆ?

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಕಳ್ಳ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರ್‌ನಲ್ಲಿ ಬಳಸಿದರೆ 63-ಬಿ ಕಲಂ ಪ್ರಕಾರ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದ ಭಾಗವಾಗಿ ಬಳಸಿಲ್ಲವೆಂದರೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೆ ಇಳಿಸಬಹುದು. ಪಾಠಕ್ಕಾಗಿ ಬಳಸುತ್ತೇವೆ ಎಂಬ ಕಾರಣಕ್ಕೆ ಲ್ಯಾಬ್ ತುಂಬ ಕಳ್ಳ ಪ್ರತಿ ಹಾಕಲು ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಕಾನೂನುಬದ್ಧವಾಗಿ ಕೊಂಡ ಪ್ರೋಗ್ರಾಂನ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು 52ನೇ ಕಲಂ ಅವಕಾಶ ಕೊಡುತ್ತದೆ.

ಎಂಜಿನಿಯರಿಂಗ್ ಕಾಲೇಜುಗಳಿಗೆ ಇನ್ನೊಂದು ಮಗ್ಗುಲಿದೆ. ತಾಂತ್ರಿಕ ಶಿಕ್ಷಣ ಸಂಸ್ಥೆಗಳಿಗೆ ಅನುಮೋದನೆ ಕೊಡುವ ಎಐಸಿಟಿಇಯ ಪಟ್ಟಿಯಲ್ಲೇ ಕಾನೂನುಬದ್ಧ ಸಿಸ್ಟಮ್ ಸಾಫ್ಟ್‌ವೇರ್ ಎಂಬ ಅಂಶ ಇದೆ. ಅಲ್ಲಿ ಬರೆದದ್ದಕ್ಕೆ ಕಾಗದ ಇರಬೇಕಲ್ವಾ?

ಯಾರೂ ಬರುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಂದರೂ ಬರದಿದ್ದರೂ, ಹತ್ತು ವರ್ಷದ ಮಗು ಕಂಪ್ಯೂಟರ್ ಮುಟ್ಟುವ ಮೊದಲ ದಿನವೇ ಕದ್ದದ್ದನ್ನು ಬಳಸಿ ಕಲಿಯುವುದು ಬೇಡ. ಅದಕ್ಕೆ ದುಡ್ಡಿಲ್ಲ ಎನ್ನುವ ಶಾಲೆಗೂ ನೇರವಾದ ದಾರಿ ಇದೆ.

ಲಿನಕ್ಸ್ ನಿಜವಾಗಿಯೂ ಉಚಿತವೇ? ಅದಕ್ಕೆ ಲೈಸೆನ್ಸ್ ಇಲ್ಲವೇ?

ಇದೆ, ಆದರೆ ಬೇರೆ ಬಗೆಯದು. ಲಿನಕ್ಸ್ ಕರ್ನಲ್ 1992ರಿಂದ ಜಿಪಿಎಲ್ ಎಂಬ ಲೈಸೆನ್ಸ್ ಅಡಿಯಲ್ಲಿದೆ. ಅದು ನಿಮಗೆ ಬಳಸುವ, ಒಳಗೆ ನೋಡಿ ಕಲಿಯುವ, ಬದಲಾಯಿಸುವ, ಇನ್ನೊಬ್ಬರಿಗೆ ಕೊಡುವ ಹಕ್ಕು ಕೊಡುತ್ತದೆ. ಯಂತ್ರಗಳ ಎಣಿಕೆ ಇಲ್ಲ, ಕೀ ಇಲ್ಲ, ಆಕ್ಟಿವೇಶನ್ ಇಲ್ಲ. ಒಂದೇ ಪೆನ್‌ಡ್ರೈವ್‌ನಿಂದ ಇಡೀ ಲ್ಯಾಬಿಗೆ ಹಾಕಬಹುದು. ಅದೇ ಪೆನ್‌ಡ್ರೈವ್ ಮಕ್ಕಳ ಮನೆಗೂ ಕಳಿಸಬಹುದು. ಮನೆಗೆ ಕಳಿಸುವ ಈ ಹಕ್ಕು ಶಾಲೆಗಳಿಗೆ ಎಲ್ಲಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ.

ಯಾವುದನ್ನು ಹಾಕುವುದು? ಸಾಧಾರಣ ಯಂತ್ರಕ್ಕೆ ಉಬುಂಟು 24.04 ಅಥವಾ ಲಿನಕ್ಸ್ ಮಿಂಟ್ 22 ಸಾಕು, ಎರಡಕ್ಕೂ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ, 4 ಜಿಬಿ ರ‍್ಯಾಮ್‌ನ ಹಳೇ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಇರುವ ಹಗುರ ಆವೃತ್ತಿ ಒಳ್ಳೆಯದು. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಾದ ನಮ್ಮದೇ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಇದೆ, ಅದರಲ್ಲಿ ಶಾಲೆಗಳಿಗೆಂದೇ ಎಜುಬಾಸ್ ಎಂಬ ಆವೃತ್ತಿಯೂ ಇದೆ. ಸರ್ಕಾರಿ ಸಂಸ್ಥೆಗಳು ಓಪನ್ ಸೋರ್ಸ್, ಅಂದರೆ ಲಿನಕ್ಸ್‌ನಂತೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ, ಆರಿಸಿಕೊಂಡರೆ ವಿವರಣೆ ಕೊಡಬೇಕಾದ ಪರಿಸ್ಥಿತಿಯೂ ಇಲ್ಲ. ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕೆಂಬುದು ಕೇಂದ್ರ ಸರ್ಕಾರದ 2015ರ ನೀತಿ.

ಬೇರೆ ಎಲ್ಲಾದರೂ ನಡೆದಿದೆಯೇ ಎಂದು ಕೇಳುವವರು ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ನೋಡಿ. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಲಿನಕ್ಸ್‌ನಲ್ಲೇ ನಡೆಯುತ್ತಿವೆ, ಅಲ್ಲಿನ ಕೈಟ್ ಸಂಸ್ಥೆ ತನ್ನದೇ ಆವೃತ್ತಿ ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಕನ್ನಡದ ಮಕ್ಕಳಿಗೆ ಇದು ಆಗದ ಮಾತು ಎನ್ನಲು ಇನ್ನು ಜಾಗವಿಲ್ಲ. ನಮ್ಮ ರಾಜ್ಯದಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಎಷ್ಟೋ ಪ್ರೌಢಶಾಲಾ ಶಿಕ್ಷಕರು ಉಬುಂಟು ಮತ್ತು ಗಣಿತ ಕಲಿಸುವ ಜಿಯೋಜೀಬ್ರಾ ಕಲಿತಿದ್ದಾರೆ. ನಿಮ್ಮ ತಾಲ್ಲೂಕಿನಲ್ಲೇ ಅಂಥವರು ಇರಬಹುದು, ವಿಚಾರಿಸಿ.

ಖರ್ಚೇ ಇಲ್ಲ ಎಂದು ಮಾತ್ರ ಹೇಳಲಾರೆ. ಯಾರಾದರೂ ಒಬ್ಬರು ಕಲಿಯಬೇಕು, ಉಳಿದವರಿಗೆ ಹೇಳಿಕೊಡಬೇಕು. ಕೆಲವು ಪ್ರಿಂಟರ್, ಸ್ಕ್ಯಾನರ್‌ಗಳು ಹಟ ಮಾಡುತ್ತವೆ. ಮೊದಲು ಎರಡು ಯಂತ್ರಕ್ಕೆ ಹಾಕಿ, ಒಂದು ಅವಧಿ ನಡೆಸಿ ನೋಡಿ, ಆಮೇಲೆ ಇಡೀ ಲ್ಯಾಬ್.

ಲಿನಕ್ಸ್‌ನಲ್ಲಿ ನುಡಿ ಇಲ್ಲವಲ್ಲ. ಕನ್ನಡ ಟೈಪಿಂಗ್ ಹೇಗೆ?

ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು ನಿಜ. ಆದರೆ ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಮೊದಲಿನಿಂದಲೇ ಸೇರಿಕೊಂಡಿದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ಹುಡುಕಿ ಸೇರಿಸಿಕೊಂಡರೆ ಆಯಿತು. ಬೆರಳಿಗೆ ಅಭ್ಯಾಸವಾದ ವಿನ್ಯಾಸವೇ ಸಿಗುತ್ತದೆ, ಬರುವುದು ಯೂನಿಕೋಡ್.

ಕಷ್ಟ ಇರುವುದು ಹಳೇ ಕಡತಗಳಲ್ಲಿ. ವರ್ಷಾನುಗಟ್ಟಲೆ ನುಡಿಯ ಹಳೇ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಆ ಫಾಂಟ್‌ಗಳನ್ನು ಲಿನಕ್ಸ್‌ಗೂ ಹಾಕಿದರೆ ಓದಬಹುದು. ಆದರೆ ಪರಿವರ್ತಕ ಬಳಸಿ ಎಲ್ಲವನ್ನೂ ಯೂನಿಕೋಡ್‌ಗೆ ತಂದುಬಿಡುವುದು ಲೇಸು. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಾಡಿಸಬೇಕಾಗುತ್ತದೆ. ಬೇಸರದ ಕೆಲಸ, ಆದರೆ ವಿಂಡೋಸ್‌ನಲ್ಲೇ ಉಳಿದರೂ ಒಂದಲ್ಲ ಒಂದು ದಿನ ಮಾಡಲೇಬೇಕು.

ಟ್ಯಾಲಿ, ಆಟೋಕ್ಯಾಡ್, ಕಚೇರಿ ಕೆಲಸಕ್ಕೆ ವಿಂಡೋಸ್ ಬೇಕೇ ಬೇಕಲ್ಲ?

ಅಂಥ ಯಂತ್ರಗಳಿಗೆ ಬೇಕು. ಎಷ್ಟು ಬೇಕೋ ಅಷ್ಟಕ್ಕೆ ಸರಿಯಾದ ಲೈಸೆನ್ಸ್ ಕೊಳ್ಳಿ. ವಾಣಿಜ್ಯ ವಿಭಾಗಕ್ಕೆ ಟ್ಯಾಲಿ ಇರುವ ಕೆಲವು ಯಂತ್ರಗಳು, ಮೆಕ್ಯಾನಿಕಲ್-ಸಿವಿಲ್ ವಿಭಾಗಕ್ಕೆ ಕ್ಯಾಡ್ ಯಂತ್ರಗಳು, ಕಚೇರಿಯಲ್ಲಿ ಸರ್ಕಾರಿ ಹಣಕಾಸಿನ ಖಜಾನೆ-2 ಮತ್ತು ಡಿಜಿಟಲ್ ಸಹಿಯ ಟೋಕನ್ ಬಳಸುವ ಒಂದು ಯಂತ್ರ. ಉಳಿದ ಕೆಲಸ, ಅಂದರೆ ಎಸ್‌ಎಟಿಎಸ್, ಯುಡೈಸ್ ಪ್ಲಸ್ ಎಲ್ಲ ಬ್ರೌಸರ್‌ನಲ್ಲೇ ನಡೆಯುತ್ತದೆ. ಸಿ, ಸಿ++, ಪೈಥಾನ್, ಎಚ್‌ಟಿಎಂಎಲ್, ಮೈಎಸ್‌ಕ್ಯೂಎಲ್ ಪಾಠಕ್ಕೆ ಲಿನಕ್ಸ್ ಬೇಕಾದಷ್ಟಾಯಿತು.

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಲು ಲೈಸೆನ್ಸ್‌ನ ಅಡ್ಡಿಯಿಲ್ಲ. ಆದರೆ ಲಿನಕ್ಸ್‌ನೊಳಗೆ ವರ್ಚುವಲ್ ಯಂತ್ರ ಮಾಡಿ ವಿಂಡೋಸ್ ಓಡಿಸಿದರೆ ಅದಕ್ಕೂ ಲೈಸೆನ್ಸ್ ಬೇಕು. ಕಣ್ಣಿಗೆ ಕಾಣದ ಯಂತ್ರವಾದರೂ ಲೆಕ್ಕಕ್ಕೆ ಯಂತ್ರವೇ.

ಕಾಲೇಜಿನ ಲೈಸೆನ್ಸನ್ನು ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗೆ ಹಾಕಬಹುದೇ?

ಸುಮ್ನೆ ಹಾಕುವಂತಿಲ್ಲ. ಒಪ್ಪಂದದಲ್ಲಿ ವಿದ್ಯಾರ್ಥಿಗಳನ್ನೂ ಸೇರಿಸಿದ್ದರೆ ಮಾತ್ರ ಹಾಕಬಹುದು. ವಿಜ್ಞಾನ-ತಂತ್ರಜ್ಞಾನ ವಿಭಾಗಗಳಿಗೆ ಅಜ್ಯೂರ್ ಡೆವ್ ಟೂಲ್ಸ್ ಫಾರ್ ಟೀಚಿಂಗ್ ಎಂಬ ಯೋಜನೆ ಇದೆ. ಅದರಲ್ಲಿ ಸಿಗುವ ಸಾಫ್ಟ್‌ವೇರ್ ಕಲಿಕೆಗೆ ಮತ್ತು ಸಂಶೋಧನೆಗೆ ಮಾತ್ರ. ಅದೇ ಕೀಯನ್ನು ಕಾಲೇಜಿನ ಫೀ ಕೌಂಟರ್ ಯಂತ್ರಕ್ಕೆ ಹಾಕಿದರೆ ಅದು ತಪ್ಪು.

ಆಪಲ್ ಯಂತ್ರಗಳಿಗೆ?

ಮ್ಯಾಕ್‌ಓಎಸ್ ಯಂತ್ರದ ಜೊತೆಗೇ ಬರುತ್ತದೆ, 2013ರಿಂದ ಅಪ್‌ಗ್ರೇಡ್ ಉಚಿತ. ಆಪಲ್ ಅಲ್ಲದ ಯಂತ್ರಕ್ಕೆ ಹಾಕಲು ಅನುಮತಿ ಇಲ್ಲ.

ಹೊಸ ಲ್ಯಾಬ್‌ಗೆ ಖರೀದಿ ಆದೇಶ ಬರೆಯುತ್ತಿದ್ದೇವೆ. ಏನೇನು ಸೇರಿಸಬೇಕು?

ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಕೊಂಡರೂ ಸರಿ, ಹುಬ್ಬಳ್ಳಿಯ ಡೀಲರ್‌ನಿಂದ ಕೊಂಡರೂ ಸರಿ, ಸುಮ್ನೆ ವಿಂಡೋಸ್ ಎಂದು ಬರೆದು ಬಿಡಬೇಡಿ. ತಯಾರಕರೇ ಹಾಕಿಕೊಟ್ಟ ವಿಂಡೋಸ್ 11 ಪ್ರೊ ಓಇಎಂ ಎಂದು ಆವೃತ್ತಿ ಸಮೇತ ಬರೆಯಿರಿ. ಲಿನಕ್ಸ್ ಬೇಕಾದರೆ ಉಬುಂಟು ಇರುವ ಅಥವಾ ಓಎಸ್ ಇಲ್ಲದ ಯಂತ್ರ ಎಂದು ಕೇಳಿ, ಬೆಲೆ ಇಳಿಯುತ್ತದೆ. ಬಿಲ್ಲಿನಲ್ಲಿ ಪ್ರತಿ ಯಂತ್ರದ ಸೀರಿಯಲ್ ಸಂಖ್ಯೆ ಇರಲಿ. ಲಿನಕ್ಸ್ ಸರಿಯಾಗಿ ಓಡುವುದನ್ನು ತೋರಿಸಿಕೊಡಬೇಕು ಎಂಬ ಷರತ್ತನ್ನೂ ಸೇರಿಸಬಹುದು, ಡೀಲರ್‌ಗಳು ಒಪ್ಪುತ್ತಾರೆ.

ದಾಸ್ತಾನು ಪುಸ್ತಕದಲ್ಲಿ ಕಂಪ್ಯೂಟರ್‌ಗಳ ಸಾಲಿಗೆ ಮೂರು ಕಾಲಂ ಜಾಸ್ತಿ ಹಾಕಿ: ಯಾವ ಓಎಸ್, ಲೈಸೆನ್ಸ್ ಯಾವ ಬಗೆ, ಅದರ ಬಿಲ್ಲು ಯಾವ ಕಡತದಲ್ಲಿದೆ. ವಾಲ್ಯೂಮ್ ಒಪ್ಪಂದದ ಲಾಗಿನ್ ಒಬ್ಬರ ಸ್ವಂತ ಇಮೇಲ್‌ನಲ್ಲಿ ಇರಬಾರದು, ಸಂಸ್ಥೆಯ ಇಮೇಲ್‌ನಲ್ಲಿರಲಿ. ಮುಖ್ಯಶಿಕ್ಷಕರು ವರ್ಗವಾಗಿ ಹೋಗುವಾಗ ಬೀರುವಿನ ಕೀಲಿಯ ಜೊತೆ ಈ ಪುಟಕ್ಕೂ ಸಹಿ ಹಾಕಿಸಿ ಹಸ್ತಾಂತರ ಮಾಡಿಕೊಳ್ಳಿ. ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಥರ್ಮಲ್ ಕಾಗದದ ಬಿಲ್ಲಾದರೆ ಬಂದ ದಿನವೇ ಜೆರಾಕ್ಸ್ ತೆಗೆಯಿರಿ, ಅದರ ಅಕ್ಷರ ಬೇಗ ಮಾಸುತ್ತದೆ.